ಬೀಳದ ಸುರುಳಿ

ನೆರೆ ಇಳಿದದ್ದು ಶನಿವಾರ. ಅಂದು ಬೆಳಿಗ್ಗೆ ಗುರು ಎಲ್ಕಾನ ತಮ್ಮ ಪ್ರಾರ್ಥನಾ ಮಂದಿರದ ಎರಡೂ ಬಾಗಿಲು ಕಿತ್ತು, ಗಾಯಗೊಂಡವರನ್ನು ಹೊರಲು ಕೊಟ್ಟುಬಿಟ್ಟರು.

ಹೊಳೆ ಸಮುದ್ರ ಸೇರುವ ಜಾಗದಲ್ಲಿದ್ದ ಯೆಹೂದಿಗಳ ಮಂದಿರ ಅದು. ಇದ್ದದ್ದು ಹದಿನೈದು ಮನೆ. ಶನಿವಾರ ಒಲೆಯನ್ನೂ ಹಚ್ಚದ ಅವರನ್ನು ಊರವರು ‘ಶನಿವಾರದವರು’ ಎಂದೇ ಕರೆಯುತ್ತಿದ್ದರು.

ಆ ಶನಿವಾರ ಮಾತ್ರ ಅವರೆಲ್ಲ ಗುದ್ದಲಿ ಹಿಡಿದು, ಕೆಸರಿನಡಿ ಜೀವ ಇದ್ದೀತೇ ಎಂದು ಅಗೆಯುತ್ತಿದ್ದರು. ಊರವರು ಕಣ್ಣು ಬಿಟ್ಟುಕೊಂಡು ನೋಡಿದರು. ಆ ದಿನ ಯಾರಿಗೂ ಯಾವುದೂ ನಂಬುವ ಹಾಗಿರಲಿಲ್ಲ.

ಭಾನುವಾರ ಗುರುಗಳು ಕೆಸರು ತೆಗೆಯಲು ಮನೆ ಹಂಚಿದರು. ಶಿಷ್ಯ ಅಶೇರನಿಗೆ ಹೇಳಿದರು:

“ನೀನು ತುಳಸಕ್ಕನ ಮನೆಗೆ ಹೋಗು.”

ತುಳಸಕ್ಕ ಮಂದಿರದ ಪಕ್ಕದ ಮನೆಯವಳು, ಮೀನುಗಾರ ಬೊಮ್ಮಯ್ಯನ ಹೆಂಡತಿ. ನೆರೆಯಲ್ಲಿ ಬೊಮ್ಮಯ್ಯ ತೀರಿಹೋಗಿದ್ದ.

“ಬೇರೆ ಯಾವ ಮನೆಗಾದರೂ ಹೋಗ್ತೇನೆ, ಗುರುಗಳೇ.”

“ಯಾಕೆ?”

ನೆರೆ ಇಳಿದಾಗಿನಿಂದ ಅಶೇರನ ಹೆಗಲು ತಟ್ಟಿ ಹೋಗುವವರೇ ಎಲ್ಲ. ಪ್ರಾಣದ ಹಂಗು ತೊರೆದು ಸುರುಳಿ ಉಳಿಸಿದವನಲ್ಲವೇ ಅವನು! ಚರ್ಮದ ಹಾಳೆಯ ಮೇಲೆ ಕೈಯಲ್ಲೇ ಬರೆದ ಧರ್ಮಗ್ರಂಥದ ಸುರುಳಿ, ಆ ಮಂದಿರದ ಜೀವ. ಅದು ಕೈತಪ್ಪಿ ನೆಲಕ್ಕೆ ಬಿದ್ದರೆ ಕಂಡವರೆಲ್ಲ ನಲವತ್ತು ದಿನ ಹಗಲುಪವಾಸ ಇರಬೇಕು. ಹನ್ನೊಂದು ವರ್ಷದ ಹಿಂದೆ ಗುರುಗಳು ಅವನಿಗೆ ಕಲಿಸಿದ ಮೊದಲ ಪಾಠವೇ ಅದು.

“ಯಾಕೆ?” ಗುರುಗಳು ಮತ್ತೆ ಕೇಳಿದರು.

“ಅವತ್ತು ಅವಳು ನನ್ನನ್ನು ಕೂಗಿದ್ದಳು.”

“ಏನಂತ?”

“ಬೊಮ್ಮಯ್ಯನ ಕಾಲ ಮೇಲೆ ತೊಲೆ ಬಿದ್ದಿತ್ತು. ನೀರು ಸೊಂಟದ ಮಟ್ಟ. ‘ಒಂದು ಕೈ ಕೊಡೋ ತಮಾ’ ಅಂದಳು. ನನ್ನ ಎರಡೂ ಕೈಯಲ್ಲಿ ಸುರುಳಿ ಇತ್ತು. ಇಡೋಣ ಅಂದ್ರೆ ಎಲ್ಲೆಲ್ಲೂ ನೀರು. ಅಟ್ಟದ ಮೇಲೆ ಇಟ್ಟು ಓಡಿ ಬಂದೆ.”

“ಬಂದಾಗ?”

“ಅವಳೊಬ್ಬಳೇ ಇದ್ದಳು.”

ಗುರುಗಳು ಅಲ್ಲೇ ಮೆಟ್ಟಿಲ ಮೇಲೆ ಕೂತರು. ಎಂಬತ್ತರ ಹತ್ತಿರದ ಮುದುಕ; ಆ ಕ್ಷಣಕ್ಕೆ ಹತ್ತು ವರ್ಷ ಹೆಚ್ಚೇ ಆದಂತೆ ಕಂಡರು. ಆಮೇಲೆ ಎದ್ದು, ಗುದ್ದಲಿ ತಂದು ಅಶೇರನ ಕೈಗಿಟ್ಟರು.

“ಹೋಗು.”

“ಮೊದಲು ಕಾಲಿಗೆ ಬಿದ್ದು ಕ್ಷಮೆ ಕೇಳ್ತೇನೆ.”

“ಸಾವಿನ ಮನೆಗೆ ಹೋದವರು ಮೊದಲು ಬಾಯಿ ಬಿಡೋದು ನಮ್ಮಲ್ಲಿ ಉಂಟಾ?”

“ಇಲ್ಲ. ಮನೆಯವರು ಮಾತಾಡೋವರೆಗೆ ಸುಮ್ಮನಿರಬೇಕು.”

“ಹಾಗೇ ಇರು.”

“ಹೇಳದೇ ಇದ್ರೆ ನನ್ನ ಎದೆ ಒಡೆದುಹೋಗ್ತದೆ, ಗುರುಗಳೇ!”

“ಹೇಳಿದರೆ ನಿನ್ನ ಎದೆ ಹಗುರಾಗ್ತದೆ. ಅವಳದ್ದು? ಹೋಗು, ಗಂಜಿ ಆರಿಹೋಗ್ತದೆ.”

ಗಂಜಿ ಮಂದಿರದ ಅಂಗಳದಲ್ಲೇ ಬೇಯುತ್ತಿತ್ತು, ಇಡೀ ಕೇರಿಗೆ. ಒಳಗೆ ಹಾಸಿದ ಚಾಪೆಗಳ ಮೇಲೆ ಊರ ಮಕ್ಕಳು ಮಲಗಿದ್ದರು. ಅಶೇರ್ ಒಂದು ತಂಬಿಗೆ ಗಂಜಿ ಹಿಡಿದು ಹೊರಟ.

ತುಳಸಕ್ಕ ಹೊಸ್ತಿಲ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಹೊಳೆಯನ್ನು ನೋಡುತ್ತಿದ್ದಳು, ಅಷ್ಟೇ. ಅವನು ಗಂಜಿ ಇಟ್ಟು ಒಳಗೆ ಹೋಗಿ ಕೆಸರು ತೋಡತೊಡಗಿದ.

ಮೊದಲ ದಿನ ಗಂಜಿ ಹಾಗೇ ಉಳಿಯಿತು. ಮೂರನೆಯ ದಿನ ಅರ್ಧ ಖಾಲಿಯಾಗಿತ್ತು. ಕೆಸರಿನಲ್ಲಿ ಅವನಿಗೆ ಬೊಮ್ಮಯ್ಯನ ಬಲೆ ಸಿಕ್ಕಿತು, ಒಂದು ಚಪ್ಪಲಿ ಸಿಕ್ಕಿತು. ತೊಳೆದು ಅವಳ ಪಕ್ಕ ಇಟ್ಟ. ಅವಳು ಚಪ್ಪಲಿಯನ್ನು ಸೆರಗಿನಿಂದ ಒರೆಸಿದಳು. ಅವನು ಮತ್ತೆ ಗುದ್ದಲಿ ಹಿಡಿದ.

ಐದನೆಯ ದಿನ, ಅವನು ಕೊನೆಯ ಬುಟ್ಟಿ ಕೆಸರು ಹೊತ್ತು ಹೊರಬರುವಾಗ ತುಳಸಕ್ಕ ಬಾಯಿ ಬಿಟ್ಟಳು.

“ತಮಾ.”

ಬುಟ್ಟಿ ಅವನ ಕೈಯಿಂದ ಜಾರಿತು.

“ಆ ದಿವ್ಸ ಎದೆಗೆ ಅವ್ಚ್ಕಂಡು ಓಡಿದ್ಯಲ್ಲ, ಕೆಂಪು ಬಟ್ಟೆ ಸುತ್ಕಂಡು.”

“ಹೌದು, ಅಕ್ಕ.”

“ಆ ಮಗು ಬದ್ಕಿತಾ?”

ಸುರುಳಿಗೆ ಕೆಂಪು ಮಖಮಲ್ಲಿನ ಹೊದಿಕೆ ಇತ್ತು.

“ನಿಂಗೆ ಎರಡ್ ಕೈಯೂ ಬಿಡ್ವಿರ್ಲಿಲ್ಲ, ನಾ ಕಂಡಿದ್ದೆ. ಮಗು ಹೊತ್ತವ್ನ್ನ ಕರೀಬಾರ್ದಿತ್ತು ನಾನು. ಬದ್ಕಿತಲ್ಲ ಅದು?”

ಅವನು ಓಡಿದ. ಮಂದಿರದಲ್ಲಿ ಗುರುಗಳ ಮುಂದೆ ನಿಂತು ಎಲ್ಲ ಹೇಳಿದ.

“ಏನು ಹೇಳಲಿ, ಗುರುಗಳೇ? ಬದುಕಿತು ಅಂತ ಹೇಳಿಬಿಡಲಾ? ಅವಳಿಗಿರೋ ಸಮಾಧಾನ ಅದೊಂದೇ.”

“ಸಮಾಧಾನ ಅವಳಿಗೋ, ನಿನಗೋ?”

ಗುರುಗಳು ಒಳಗೆ ಹೋಗಿ ಸುರುಳಿ ತಂದರು. ಅದನ್ನು ಅವನ ತೋಳಿಗೆ ಕೊಟ್ಟರು.

“ಮಗುವಿನ ಬಗ್ಗೆ ಕೇಳಿದಳಲ್ಲ, ತೋರಿಸು.”

ಇಬ್ಬರೂ ಹೋದರು. ಅಶೇರ್ ಕೆಂಪು ಹೊದಿಕೆಯ ಸುರುಳಿಯನ್ನು ತುಳಸಕ್ಕನ ಮಡಿಲಲ್ಲಿಟ್ಟ. ಅವಳು ಮೆಲ್ಲಗೆ ಹೊದಿಕೆ ಸರಿಸಿದಳು. ಒಳಗೆ ಮರದ ಹಿಡಿಕೆ, ಚರ್ಮ, ಕಪ್ಪು ಅಕ್ಷರ.

“ಇದೇನ್ ಪುಸ್ತಕ್ವಾ?”

“ಹೌದು, ಅಕ್ಕ. ಮಗು ಇರಲಿಲ್ಲ.”

ಅವಳು ಬಾಗಿ ಅಕ್ಷರಗಳನ್ನು ನೋಡಿದಳು.

“ನೀರಿಗ್ ಬಿದ್ದಿದ್ರೆ ಏನಾಗ್ತಿತ್ತು?”

“ಅಕ್ಷರ ಅಳಿಸಿಹೋಗ್ತಿತ್ತು.”

“ಮತ್ತೆ ಬರೀಲಿಕ್ಕೆ ಬರೂದಿಲ್ವಾ?”

ಅಶೇರ್ ಗುರುಗಳತ್ತ ನೋಡಿದ. ಗುರುಗಳು ಅವನನ್ನೇ ನೋಡುತ್ತಿದ್ದರು.

“ಬರ್ತದೆ, ಅಕ್ಕ. ಒಂದು ವರ್ಷ ಹಿಡೀತದೆ.”

ತುಳಸಕ್ಕ ಹೊದಿಕೆಯನ್ನು ಮೊದಲಿದ್ದಂತೆ ಸರಿಮಾಡಿದಳು. ಎಲ್ಲಿಡಲಿ ಎಂದು ಸುತ್ತ ನೋಡಿದಳು. ಮನೆಯಲ್ಲಿ ಒಣಗಿದ ಜಾಗ ಒಂದೂ ಇರಲಿಲ್ಲ. ನೆಲಕ್ಕೆ ತಾಗದ ಹಾಗೆ ಎರಡೂ ಕೈಯಲ್ಲಿ ಎತ್ತಿ ಗುರುಗಳಿಗೆ ಒಪ್ಪಿಸಿ, ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು.

ಮರುದಿನ ಬೆಳಿಗ್ಗೆ ಅಶೇರ್ ಮಂದಿರದ ಮೆಟ್ಟಿಲ ಮೇಲೆ ಕುಳಿತಿದ್ದ. ರಾತ್ರಿಯೆಲ್ಲ ನಿದ್ದೆ ಮಾಡದ ಮುಖ.

“ಇವತ್ತು ಯಾವ ಮನೆ, ಗುರುಗಳೇ?”

“ಅವಳ ಬಾವಿಯಲ್ಲಿ ಇನ್ನೂ ಕೆಸರಿದೆಯಲ್ಲ.”

“ಅವಳ ಮನೆಗೆ ನಾನಾ?”

“ಬರಬೇಡ ಅಂದಳಾ?”

“ಏನೂ ಅನ್ನಲಿಲ್ಲ.”

“ಹಾಗಾದರೆ ಅವಳು ಮಾತಾಡೋವರೆಗೆ ನೀನೂ ಮಾತಾಡಬೇಡ.”

ಅಶೇರ್ ಹಗ್ಗವನ್ನೂ ಬುಟ್ಟಿಯನ್ನೂ ಎತ್ತಿಕೊಂಡ. ಅಷ್ಟರಲ್ಲಿ ಅಂಗಳದಲ್ಲಿ ಗಂಜಿ ಬಡಿಸುತ್ತಿದ್ದ ಹೆಂಗಸು ಗುರುಗಳಿಗೂ ಒಂದು ಬಟ್ಟಲು ತಂದಳು. ಗುರುಗಳು ಕೈ ಅಡ್ಡ ಹಿಡಿದರು.

“ಇವತ್ತಿಂದ ನಲವತ್ತು ದಿನ ಹಗಲು ಬೇಡ, ತಾಯಿ.”

ಅಶೇರ್ ಬೆಚ್ಚಿಬಿದ್ದು ತಿರುಗಿದ.

“ನಲವತ್ತು ದಿನವಾ? ಈ ವಯಸ್ಸಿನಲ್ಲಿ? ಗುರುಗಳೇ, ಸುರುಳಿ ಬೀಳಲೇ ಇಲ್ಲವಲ್ಲ!”

ಗುರುಗಳು ಗಂಜಿಯ ಬಟ್ಟಲನ್ನು ತೆಗೆದುಕೊಂಡು, ತುಳಸಕ್ಕನಿಗೆಂದು ಅವನ ಕೈಗೆ ಕೊಟ್ಟರು.

“ಬೀಳಬೇಕಾದ ದಿನ ಅದು ಬೀಳಲಿಲ್ಲ. ಅದಕ್ಕೇ ಉಪವಾಸ.”