ದೊರೆ ಕೂತ ಹಲಸಿನ ಕೊಂಬೆ

ಉದ್ದಂಡರಾಯ ಯಾರಿಗೂ ಹೆದರದ ದೊರೆ. ಕರಿಹೊಳೆಗೂ ಹೆದರುವುದಿಲ್ಲ ಎನ್ನುತ್ತಿದ್ದ. ಹೊಳೆಯೂ ಅವನಿಗೆ ಹೆದರಲಿಲ್ಲ ಅನ್ನಿ! ಆ ಮಳೆಗಾಲ ಉಕ್ಕಿ ಬಂದದ್ದೇ ಅಂಬಿಗರ ಕೇರಿಯನ್ನು ಗುಡಿಸಿ ಹಾಕಿತು, ಅರಮನೆಗೂ ನುಗ್ಗಿತು. ಅಂಬಿಗರ ಹರಿಗೋಲು ಹತ್ತಿ ಬದುಕಿದವರೆಲ್ಲ ಗುಡ್ಡದ ಮೇಲಿದ್ದ ದೊರೆಯ ಮಾವಿನ ತೋಪು ಸೇರಿದರು. ಒಂದೇ ಒಲೆ, ಒಂದೇ ಗಂಜಿ. ಜೋಯಿಸರ ಹೆಂಡತಿ ಪಾತ್ರೆ ಬೆಳಗಿದರೆ ಅಗಸರ ಹೆಂಗಸು ಬಡಿಸುತ್ತಿದ್ದಳು.

ನೀರಿಳಿಯಿತು. "ತೋಪು ಹಾಳಾಗ್ತಿದೆ, ಪ್ರಭೂ," ಎಂದು ಪ್ರಧಾನಿ ಶೇಷಗಿರಿಯಪ್ಪ ದೊರೆಯ ಕಿವಿ ಊದಿದ.

"ಹೊಳೆ ಬಂತು, ಹೋಯ್ತು. ನನ್ನ ರಾಜ್ಯದಲ್ಲಿ ಒಂದು ಕಡ್ಡಿಯೂ ಬದಲಾಗಕೂಡದು!" ದೊರೆ ಸಭೆಯಲ್ಲಿ ಗುಡುಗಿದ. "ನಾಳೆ ಬೆಳಗಾಗುವುದರೊಳಗೆ ಎಲ್ಲರೂ ತಂತಮ್ಮ ಜಾಗಕ್ಕೆ ಹೋಗಲಿ!"

ಪಕ್ಕದಲ್ಲಿ ವೀಳ್ಯ ಮಡಿಸುತ್ತಿದ್ದ ದ್ಯಾವಕ್ಕನ ಕೈ ನಿಂತಿತು. ದೊರೆಗೆ ಎಲೆ ಅಡಿಕೆ ಕೊಡುವ ಕೆಲಸ ಅವಳದು; ಹುಟ್ಟಿದ್ದು ಅಂಬಿಗರ ಕೇರಿಯಲ್ಲಿ. ಬಾಣಂತಿ ತಂಗಿ ತೋಪಿನಲ್ಲೇ ಇದ್ದಳು. ಮತ್ತೆ ಹೊಳೆ ದಂಡೆಗೆ ಹೋದರೆ ಮುಂದಿನ ಮಳೆಗೆ ಅವಳೂ ಇಲ್ಲ, ಕೂಸೂ ಇಲ್ಲ. ಆದರೂ ದ್ಯಾವಕ್ಕ ನಕ್ಕಳು.

"ಬುದ್ಧೀ, ಈ ಜನ ಮಹಾ ಕಿಲಾಡಿಗಳು. ನಮ್ಮ ಮನೆ ಗುಡ್ಡದ ಮೇಲೇ ಇತ್ತು ಅಂತ ಸುಳ್ಳು ಹೇಳ್ತಾರೆ. ನೆರೆಯ ದಿನ ಯಾರು ಎಲ್ಲಿಂದ ಹರಿಗೋಲು ಹತ್ತಿದರೋ ಅಲ್ಲಿಗೇ ವಾಪಸು ಹೋಗಬೇಕು ಅಂದುಬಿಡಿ. ಯಾರಿಗೂ ರಿಯಾಯಿತಿ ಬೇಡ."

"ಭೇಷ್! ಯಾರಿಗೂ ರಿಯಾಯಿತಿ ಇಲ್ಲ. ತಪ್ಪಿದವರಿಗೆ ಛಡಿ ಏಟು!" ಎಂದು ದೊರೆ ಡಂಗುರ ಹೊಡೆಸಿದ.

ತೋಪಿಗೆ ಹೋದರೆ ಅವಳ ಅಣ್ಣ ಮಾಳಿಂಗ ಹರಿಹಾಯ್ದ. "ಅರಮನೆ ಅನ್ನ ತಿಂದು ನಮ್ಮ ಬಾಯಿಗೇ ಮಣ್ಣು ಹಾಕಿದೆಯಲ್ಲೇ!"

"ಬಾಯಿ ಮುಚ್ಚಿಕೊಂಡು ನಾಳೆ ಒಂದು ಏಣಿ ಹೊತ್ತುಕೊಂಡು ಬಾ," ಎಂದಳು ದ್ಯಾವಕ್ಕ.

ಬೆಳಗ್ಗೆ ದೊರೆ ಅರಮನೆಯ ಅಂಗಳಕ್ಕೆ ಬಂದರೆ ಹಲಸಿನ ಮರಕ್ಕೆ ಏಣಿ ಒರಗಿದೆ, ಕೆಳಗೆ ದ್ಯಾವಕ್ಕ ನಿಂತಿದ್ದಾಳೆ!

"ಏನೇ ಇದು?"

"ತಮ್ಮ ಜಾಗ, ಬುದ್ಧೀ. ಅವತ್ತು ಮಾಳಿಂಗ ತಮ್ಮನ್ನು ಹರಿಗೋಲಿಗೆ ಇಳಿಸಿಕೊಂಡದ್ದು ಆ ಕೊಂಬೆಯಿಂದಲೇ. ಪಂಚೆ ಹೊಳೆ ಪಾಲಾಗಿತ್ತು, ಕಿರೀಟ ಮಾತ್ರ ಇತ್ತು. ಈಗ ಪಂಚೆ ಇರಲಿ ಬಿಡಿ, ಹೆಂಗಸರು ಓಡಾಡ್ತಾರೆ."

ಕಾವಲಿನವರು ಮೀಸೆಯೊಳಗೇ ನಕ್ಕರು. ಪ್ರಧಾನಿ ಹಾರಾಡಿದ. "ದೊರೆಗಳಿಗೆ ರಿಯಾಯಿತಿ ಇರುತ್ತೆ!"

"ಯಾರಿಗೂ ಇಲ್ಲ ಅಂತ ಡಂಗುರ ಹೊಡೆದಾಯ್ತಲ್ಲ ಸ್ವಾಮಿ. ಅಂದಹಾಗೆ, ತಾವು ಹರಿಗೋಲು ಹತ್ತಿದ್ದು ಲಾಯದ ಅಟ್ಟದಿಂದ, ಕತ್ತೆಯ ಜೊತೆ. ಕತ್ತೆಯನ್ನು ಆಗಲೇ ಹತ್ತಿಸಿದ್ದೀವಿ, ತಮಗಾಗಿ ಕಾಯ್ತಿದೆ."

ಊರೆಲ್ಲ ಬಂದು ನೋಡುತ್ತಿದೆ. ಆಡಿದ ಮಾತು ನುಂಗುವುದು ಹೇಗೆ? ದೊರೆ ಹಲ್ಲು ಕಚ್ಚಿಕೊಂಡು ಮರ ಹತ್ತಿದ. ದೊರೆಯೇ ಹತ್ತಿದ ಮೇಲೆ ಪ್ರಧಾನಿಯೂ ಗೊಣಗುತ್ತ ಅಟ್ಟ ಹತ್ತಬೇಕಾಯಿತು.

ಕೊಂಬೆಯ ತುಂಬ ಕಚ್ಚುವ ಕೆಂಜಿಗ ಇರುವೆ. ದೊರೆ ಅಲ್ಲಿ ಕೆರೆದ, ಇಲ್ಲಿ ಕೆರೆದ. ಮೇಲಿನಿಂದ ಅಂಬಿಗರ ಕೇರಿ ಕಾಣುತ್ತಿತ್ತು. ಕೇರಿಯೆಲ್ಲಿ, ಬರೀ ಕೆಸರು.

"ಏ ದ್ಯಾವಕ್ಕಾ! ಎಲ್ಲಿಯವರೆಗೆ ಕೂರೋದೇ ಇಲ್ಲಿ?"

"ಮುಂದಿನ ನೆರೆ ಬರೋವರೆಗೆ, ಬುದ್ಧೀ."

"ಆಮೇಲೆ ಇಳಿಸೋರು ಯಾರು?"

"ಅಂಬಿಗರೇ ಬಂದು ಇಳಿಸಬೇಕು. ಆದರೆ ಅವರು ದಂಡೆಯಲ್ಲಿರ್ತಾರಲ್ಲ, ತಮಗಿಂತ ಮೊದಲೇ ಮುಳುಗಿರ್ತಾರೆ. ಆದರೂ ಒಂದ್ಸಲ ಕೂಗಿ ನೋಡಿ."

ದೊರೆ ಕೆಸರನ್ನೇ ನೋಡುತ್ತ ಕೂತ. ಆಮೇಲೆ ಕೊಂಬೆ ಅಲ್ಲಾಡುವಂತೆ ನಕ್ಕ.

"ಡಂಗುರದವನನ್ನು ಕರೀರೋ! ತೋಪು ಅಂಬಿಗರಿಗೆ. ಇನ್ನು ಮೇಲೆ ಈ ಕೊಂಬೆಗಿಂತ ತಗ್ಗಿನಲ್ಲಿ ಯಾರೂ ಮನೆ ಕಟ್ಟಕೂಡದು!"

"ಅರಮನೆಯೂ ತಗ್ಗಿನಲ್ಲಿದೆ, ಪ್ರಭೂ!" ಅಟ್ಟದಿಂದ ಪ್ರಧಾನಿ ಕಿರುಚಿದ.

"ಹಾಗಾದರೆ ಅದೂ ಗುಡ್ಡಕ್ಕೆ, ಅಂಬಿಗರ ಪಕ್ಕಕ್ಕೆ. ಯಾರಿಗೂ ರಿಯಾಯಿತಿ ಇಲ್ಲ!"

ದೊರೆ ಏಣಿ ಇಳಿದು, ಕೈಯ ಚಿನ್ನದ ಕಡಗ ಬಿಚ್ಚಿ ದ್ಯಾವಕ್ಕನಿಗೆ ಕೊಟ್ಟ. ಅವಳು ಅದನ್ನು ತಂಗಿಯ ಕೂಸಿಗೆಂದು ಸೆರಗಿಗೆ ಕಟ್ಟಿಕೊಂಡಳು.

"ನನ್ನನ್ನೂ ಇಳಿಸ್ರಪ್ಪೋ!" ಎಂದು ಪ್ರಧಾನಿ ಕೂಗಿಕೊಂಡ.

"ಮೊದಲು ಕತ್ತೆಯನ್ನು ಇಳಿಸಿ," ಎಂದ ದೊರೆ. "ಅದು ನನ್ನ ಕಿವಿ ಊದಿರಲಿಲ್ಲ."