ಬೇಲಿ ಬದಿಯ ಮಣ್ಣು

"ಮತ್ತೆ ಅಡ್ಡ ಬಂದೆಯಾ? ಒಂದು ಓಟ ಮುಗಿದು ಉಸಿರು ಬಿಡುವಷ್ಟರಲ್ಲಿ ನಿನ್ನ ಸವಾರಿ ಹಾಜರು!" ಎಂದು ಕೆಂಪಿ ಎಂಬ ಬೈಕು, ಕುಂಟೆ ಎಳೆದುಕೊಂಡು ಬಂದ ಮುದಿ ಟ್ರ್ಯಾಕ್ಟರಿನ ಮೇಲೆ ಹರಿಹಾಯ್ದಳು.

ಬ್ರೇಕೇ ಇಲ್ಲದ ಬೈಕುಗಳು ಮಣ್ಣಿನ ಮೇಲೆ ಜಾರುತ್ತ ಸುತ್ತುವ ಪಂದ್ಯವದು. ಚಕ್ರಗಳು ಎರಚಿದ ಮಣ್ಣು ಹೊರಬೇಲಿಯ ಬದಿಗೆ ಗುಡ್ಡೆ ಬೀಳುತ್ತಿತ್ತು. ಅದನ್ನು ಎಳೆದು ಸಮ ಮಾಡುವುದು ಟ್ರ್ಯಾಕ್ಟರಿನ ಕೆಲಸ. ಕೆಂಪಿ ಹೊರಸಾಲಿನಿಂದ ಹೊರಟು, ಆ ಸಡಿಲ ಮಣ್ಣನ್ನೇ ಕಚ್ಚಿ ಹಿಡಿದು ಗೆದ್ದಿದ್ದಳು. ಇನ್ನೊಂದು ಗೆದ್ದರೆ ಫೈನಲ್, ಸೋತರೆ ಮನೆ ದಾರಿ.

"ಆ ಮಣ್ಣು ಮುಟ್ಟಬೇಡ. ಅದು ನಾನು ಕೂಡಿಸಿದ್ದು."

"ಸಮ ಮಾಡದಿದ್ದರೆ ಒಳಸಾಲಿನವರಿಗೆ ಗಟ್ಟಿ ನೆಲವೇ ಗತಿ, ತಾಯಿ. ಚಕ್ರಕ್ಕೆ ಹಿಡಿತವೇ ಸಿಗುವುದಿಲ್ಲ."

"ಜಾರಿ ಬೀಳಲಿ. ಅವರೇನು ನಿನ್ನ ಬೀಗರೇ?"

ಟ್ರ್ಯಾಕ್ಟರಿಗೆ ಜಗಳ ಬೇಡವಾಗಿತ್ತು. ಕುಂಟೆ ಎತ್ತಿಕೊಂಡು ಹೊರಟುಹೋಯಿತು.

ಓಟದಿಂದ ಓಟಕ್ಕೆ ಸಾಲು ಬದಲಾಗುತ್ತದೆ ಎಂಬುದನ್ನು ಕೆಂಪಿ ಸಿಟ್ಟಿನಲ್ಲಿ ಮರೆತಿದ್ದಳು. ಈ ಸಲ ಅವಳ ಪಾಲಿಗೆ ಬಂದದ್ದು ಒಳಸಾಲು. ಹೊರಸಾಲು ಸಿಕ್ಕಿದ್ದು ಅಲ್ಲಿಯವರೆಗೆ ಒಂದೂ ಓಟ ಗೆಲ್ಲದ ಹಳದಿ ಬೈಕಿಗೆ. ಹೊರಡುವ ಗೆರೆಗೆ ಅಡ್ಡ ಕಟ್ಟಿದ್ದ ಪಟ್ಟಿ ಮೇಲೆದ್ದದ್ದೇ ತಡ, ಎಲ್ಲರೂ ನುಗ್ಗಿದರು. ಮೊದಲ ತಿರುವಿನಲ್ಲೇ ಕೆಂಪಿಯ ಹಿಂಚಕ್ರ ಕಲ್ಲಿನಂಥ ನೆಲದ ಮೇಲೆ ಸುಮ್ಮನೆ ಗಿರಗಿರ ತಿರುಗಿತು. ಹಳದಿ ಬೈಕು ಬೇಲಿಗುಂಟ ಮಣ್ಣು ಹಾರಿಸುತ್ತ ದಾಟಿಹೋಯಿತು. ಕೊನೆಯ ಸುತ್ತಿನವರೆಗೂ ಕೆಂಪಿಗೆ ಕಂಡದ್ದು ಅದರ ಬೆನ್ನೊಂದೇ.

ಗೆದ್ದ ಹಳದಿ ಬೈಕು ಸಂಭ್ರಮದಿಂದ ಬಾಯಿಬಡುಕಿ ಕೆಂಪಿಯ ಬಳಿ ಬಂದು ಕೇಳಿತು:

"ಅಕ್ಕಾ, ಬೇಲಿ ಬದಿಯ ಮಣ್ಣನ್ನು ನನಗೆಂದೇ ಉಳಿಸಿಟ್ಟ ಆ ಪುಣ್ಯಾತ್ಮರು ಯಾರು?"