ಹೊಳೆಯ ಗಾಳಿ ತಾಳದ ಕೋಶ

ಹೊಳೆಯ ದಡದ ಆಶ್ರಮದಲ್ಲಿ ಭಾಗೀರಥಿಬಾಯಿಯವರು ಸೌರಕೋಶ ಮಾಡುವ ವಿದ್ಯೆ ಕಲಿಸುತ್ತಿದ್ದರು. ಒಂದು ಬೆಳಿಗ್ಗೆ ಅವರ ಶಿಷ್ಯ ಗೌರೀಶ ಎದೆಯುಬ್ಬಿಸಿಕೊಂಡು ಬಂದ.

ತಾನು ಗಾಜಿನ ಮೇಲೆ ಬಳಿದ ಪೆರೋವ್‌ಸ್ಕೈಟ್‌ ಎಂಬ ಬೆಳಕು ಹೀರುವ ಹರಳಿನ ಕಪ್ಪು ಪದರ ಬಿಸಿಲಿನಿಂದ ತೆಗೆದಷ್ಟು ವಿದ್ಯುತ್ತನ್ನು ಆಶ್ರಮದಲ್ಲಿ ಇನ್ನಾವುದೂ ತೆಗೆದಿಲ್ಲ ಎಂದ. ಆಚೆ ದಡದ ಹೆರಿಗೆ ಕೋಣೆಗೆ ಕರೆಂಟಿರಲಿಲ್ಲ. ಇಂಥ ಕೋಶಗಳ ಫಲಕವನ್ನು ಬೇಗನೆ ತಂದು ಹಾಕುತ್ತೇನೆಂದು ಅಲ್ಲಿಯ ಸೂಲಗಿತ್ತಿ ನಾಗವ್ವನಿಗೆ ಮಾತನ್ನೂ ಕೊಟ್ಟುಬಿಟ್ಟಿದ್ದ. ಗುರುಗಳು ಹೂಂ ಎನ್ನುವುದೊಂದೇ ಬಾಕಿ.

“ಎಲ್ಲಿಟ್ಟು ಅಳೆದೆ?”

“ತೇವ ಸುಳಿಯದ ಗಾಜಿನ ಪೆಟ್ಟಿಗೆಯೊಳಗೆ, ತಾಯಿ. ಎಲ್ಲರೂ ಹಾಗೆಯೇ ಅಳೆಯುವುದು.”

ಅವರು ಕೋಶವನ್ನು ಪೆಟ್ಟಿಗೆಯಿಂದ ತೆಗೆದರು. ಹೊಳೆಯ ಕಡೆಗಿದ್ದ ಜಗುಲಿಯ ಮೇಲಿಟ್ಟು ಒಳಗೆ ಹೋದರು.

ಗೌರೀಶನಿಗೆ ಕೈಯೊಳಗಿನ ಕೂಸನ್ನು ಕಿತ್ತು ಬೀದಿಯಲ್ಲಿ ಮಲಗಿಸಿದ ಹಾಗಾಯಿತು. ಗುರುಗಳ ಕೈ ತಡೆಯುವುದುಂಟೆ ಎಂದು ಹಲ್ಲು ಕಚ್ಚಿಕೊಂಡ.

ಮರುದಿನದ ಹೊತ್ತಿಗೆ ಹೊಳೆಯ ತೇವಕ್ಕೆ ಕಪ್ಪು ಪದರ ಅರಿಸಿನದಂತೆ ಹಳದಿಯಾಗಿತ್ತು. ಬಿಸಿಲಿಗೆ ಹಿಡಿದರೆ ಅದರಿಂದ ಏನೂ ಹುಟ್ಟಲಿಲ್ಲ.

ಗೌರೀಶನ ಸಿಟ್ಟು ನೆತ್ತಿಗೇರಿತು. ತಿಂಗಳುಗಟ್ಟಲೆ ನಿದ್ದೆಗೆಟ್ಟು ಮಾಡಿದ್ದನ್ನು ಬೇಕೆಂದೇ ಹಾಳುಮಾಡಿದಿರಿ, ಶಿಷ್ಯ ನಾಲ್ಕು ಹೆಜ್ಜೆ ಮುಂದೆ ಹೋದರೆ ನಿಮಗೆ ಕಣ್ಣುರಿ ಎಂದುಬಿಟ್ಟ.

ಭಾಗೀರಥಿಬಾಯಿಯವರು ಕೆಲಸದ ಕೋಣೆಯಿಂದ ಕಸದ ಡಬ್ಬಿ ತಂದು, ಅವನ ಮುಂದಿಟ್ಟು ಮುಚ್ಚಳ ತೆಗೆದರು. ಅದರ ತುಂಬ ಅಂಥವೇ ಹಳದಿ ಗಾಜುಗಳು.

“ಇವು ಯಾರವು?”

“ನನ್ನವೇ. ಕೆಟ್ಟುಹೋದವು. ಎಲ್ಲಕ್ಕಿಂತ ಚೆನ್ನಾಗಿ ಬಂದ ಒಂದನ್ನಷ್ಟೇ ಹೇಳುವುದು ಈ ಕಸುಬಿನವರ ವಾಡಿಕೆ, ತಾಯಿ.”

“ನಾಗವ್ವ ಬದುಕುಳಿದ ಕೂಸುಗಳನ್ನಷ್ಟೇ ಹೇಳಿಕೊಂಡು ತಿರುಗಿದರೆ, ಅವಳ ಕೈಗೆ ನಿನ್ನ ತಂಗಿಯನ್ನು ಒಪ್ಪಿಸುತ್ತೀಯಾ?”

ಗೌರೀಶ ಮುಖ ತಿರುಗಿಸಿದ. ತೇವ ತಡೆಯುವ ಇನ್ನೊಂದು ಪದರವನ್ನು ಮೇಲೆ ಬಳಿಯುವುದು ತನಗೇನೂ ಗೊತ್ತಿಲ್ಲದ್ದಲ್ಲ ಎಂದು ಗೊಣಗಿದ. ಬಳಿದರೆ ಕೋಶ ಬಾಳೀತು, ಆದರೆ ದಕ್ಷತೆ ಇಳಿದುಹೋದೀತು, ಆಮೇಲೆ ತನ್ನ ಹೆಸರನ್ನು ಯಾರು ಎತ್ತುತ್ತಾರೆ? ಇಷ್ಟು ದುಡಿದವನಿಗೆ ಇಂಥ ಮಾತು ಕೇಳಿಕೊಂಡು ಇರುವ ಹಣೆಬರಹವಿಲ್ಲ ಎಂದು ಚಪ್ಪಲಿ ಮೆಟ್ಟಿದ.

ಆಗ ಗುರುಗಳ ದನಿ ಏರಿತು.

“ನಿನ್ನ ಕೋಶ ಗಾಳಿ ತಾಳುವುದಿಲ್ಲ. ನೀನು ಮಾತು ತಾಳುವುದಿಲ್ಲ. ಇಬ್ಬರನ್ನೂ ಪೆಟ್ಟಿಗೆಯೊಳಗಿಟ್ಟು ಮುಚ್ಚಿಬಿಡುತ್ತೇನೆ. ಆಚೆ ದಡದಲ್ಲಿ ಕತ್ತಲೆಯಲ್ಲಿ ಹೆರುವವಳಿಗೆ ಏನು ಹೇಳಲಿ, ಅದನ್ನು ಹೇಳಿ ಹೋಗು.”